ಷಡ್ಡಕನಿಗಿಂತ ಮೂರು ಸೆನ್ಸರ್ ಹೆಚ್ಚು

ನನ್ನ ಷಡ್ಡಕ ಮಾಡಬಲ್ಲ ಯಾವ ಕೆಲಸವನ್ನಾದರೂ ನಾನು ಅವನಿಗಿಂತ ಚೆನ್ನಾಗಿ ಮಾಡಬಲ್ಲೆ! ಇದು ಜಂಬವಲ್ಲ, ಪ್ರತಿಜ್ಞೆ. ಅವನು ಲಿಫ್ಟ್ ರಿಪೇರಿ ಮಾಡುವವನು. ಜನರನ್ನು ಮೇಲಕ್ಕೂ ಕೆಳಕ್ಕೂ ಕಳಿಸುತ್ತಾನೆ, ಅಷ್ಟೆ. ನನ್ನದು ಕನ್ನಡಕದ ಅಂಗಡಿ. ನಾನು ಜನರಿಗೆ ದೃಷ್ಟಿಯನ್ನೇ ದಯಪಾಲಿಸುವವನು!

ಹೀಗಿರುವಾಗ, ಕಳೆದ ತಿಂಗಳು ಅವನ ಮನೆಗೆ ಹೋಗಿದ್ದೆವು. ಅಡುಗೆಮನೆಯಿಂದ ಒಂದು ಪುಟ್ಟ ಬಂಡಿ ತಲೆಯ ಮೇಲೆ ಟೀ ತಟ್ಟೆ ಹೊತ್ತು, ನೆಲಕ್ಕೆ ಅಂಟಿಸಿದ ಕಪ್ಪು ಟೇಪಿನ ಮೇಲೆ ತಾನಾಗಿಯೇ ಉರುಳಿಕೊಂಡು ಬಂದು, ನನ್ನ ಹೆಂಡತಿಯ ಕಾಲ ಬಳಿ ನಿಂತಿತು. ನಾನೊಬ್ಬನೇ ಇಡೀ ಮನೆಗೆ ಬಣ್ಣ ಬಳಿದಾಗ "ಆ ಮೂಲೆ ಬಿಟ್ಟಿದ್ದೀರಿ" ಎಂದಷ್ಟೇ ಹೇಳಿದ್ದ ನನ್ನ ಹೆಂಡತಿ, ಎಳೆ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು! ಮದುವೆಯಾದಾಗಿನಿಂದ ನನಗೆ ಒಂದೇ ಒಂದು ಚಪ್ಪಾಳೆ ಬಿದ್ದಿಲ್ಲ. ನನ್ನ ಹೊಟ್ಟೆ ಧಗಧಗ ಉರಿಯಿತು.

"ಏನು ತಲೆ ನೋಡ್ರಿ ಅವರದು!" ವಾಪಸ್ ಬರುವ ದಾರಿಯುದ್ದಕ್ಕೂ ಅವಳದು ಅದೇ ಮಾತು. "ಅದು ನಿಂತಿದ್ದು ನೋಡಿದ್ರಾ? ಎಷ್ಟು ಚೆನ್ನಾಗಿ ನಿಲ್ತು! ಕಾಲಿಗೆ ತಾಗಲೇ ಇಲ್ಲ."

"ನನಗೂ ನಿಲ್ಲೋಕೆ ಬರುತ್ತೆ."

"ನೀವು ದಾರಿಗೆ ಅಡ್ಡ ನಿಲ್ತೀರಿ."

ಮರುದಿನವೇ ಎಲೆಕ್ಟ್ರಾನಿಕ್ಸ್ ಅಂಗಡಿಗೆ ನುಗ್ಗಿದೆ. "ಯಾವ ಸೆನ್ಸರ್ ಬೇಕು ಸಾರ್?" ಎಂದ ಅಂಗಡಿಯವನು.

"ನನ್ನ ಷಡ್ಡಕನ ಬಂಡಿಯಲ್ಲಿ ಮೂರಿವೆ. ನನಗೆ ಆರು ಕೊಡಿ!"

ಅವನು ನನ್ನ ಮುಖವನ್ನೊಮ್ಮೆ ನೋಡಿ, ಇಂಥ ಗಿರಾಕಿಗಳು ಅಪರೂಪವಲ್ಲ ಎಂಬಂತೆ ಡಬ್ಬಿಗಳನ್ನು ಇಳಿಸಿದ. ಕಪ್ಪು ಗೆರೆ ಯಾವುದು, ಬಿಳಿ ನೆಲ ಯಾವುದು ಎಂದು ನೋಡುವ ಇನ್‌ಫ್ರಾರೆಡ್ ಕಣ್ಣುಗಳು. ಬಾವಲಿಯ ಹಾಗೆ ನಮಗೆ ಕೇಳಿಸದ ಶಬ್ದ ಹೊರಡಿಸಿ, ಅದು ಎದುರಿನ ವಸ್ತುವಿಗೆ ಬಡಿದು ವಾಪಸ್ ಬಂದರೆ "ಅಡ್ಡ ಏನೋ ಇದೆ" ಎಂದು ಬಂಡಿ ನಿಲ್ಲಿಸುವ ಅಲ್ಟ್ರಾಸಾನಿಕ್. ಏನಾದರೂ ತಾಗಿ ಒತ್ತಿದರೆ ಬಂಡಿಯನ್ನು ಹಿಂದೆ ಸರಿಸುವ, ಮೂತಿಯಲ್ಲಿನ ಸ್ವಿಚ್ಚು. ಈ ಮೂರೂ ಷಡ್ಡಕನ ಬಳಿ ಇದ್ದವು. ನನ್ನ ಹೆಚ್ಚುಗಾರಿಕೆ ಮುಂದಿನದು! ಕತ್ತಲಾದರೆ ದೀಪ ಹಚ್ಚುವ ಬೆಳಕಿನ ಸೆನ್ಸರ್. ಎದುರಲ್ಲಿ ಮನುಷ್ಯರು ಅಲ್ಲಾಡಿದರೆ ಮೈಯ ಶಾಖದಿಂದಲೇ ಪತ್ತೆ ಹಚ್ಚಿ ಬಂಡಿಯನ್ನು ಅವರತ್ತ ಓಡಿಸುವ ಇನ್ನೊಂದು. ಚಪ್ಪಾಳೆ ಕೇಳಿದರೆ ಬಂಡಿ ಹೊರಡಿಸುವ ಮತ್ತೊಂದು. ಚಪ್ಪಾಳೆಯ ಸೆನ್ಸರನ್ನು ನಾನು ಯಾಕೆ ಕೊಂಡೆನೆಂದು ಬಿಡಿಸಿ ಹೇಳಬೇಕೇ?

ಊಟದ ಮೇಜು ತಂತಿಗಳ ಪಾಲಾಯಿತು. ಬೆಳಿಗ್ಗೆ ಎದ್ದವನೇ ಮೇಜಿಗೆ ಓಡುತ್ತಿದ್ದೆ.

"ರೀ, ಟೀ?" ಎಂದು ಹಾಸಿಗೆಯಿಂದಲೇ ಕೂಗುತ್ತಿದ್ದಳು ಹೆಂಡತಿ.

"ಇನ್ಮೇಲೆ ಇದೇ ತಂದುಕೊಡುತ್ತೆ, ತಡ್ಕೋ!"

"ನಿಮ್ಮ ಹೊಟ್ಟೆಕಿಚ್ಚಿಗೂ ಒಂದು ಸೆನ್ಸರ್ ಹಾಕಿಸ್ಕೊಳ್ಳಿ. ಮನೆ ಹೊತ್ಕೊಂಡೀತು."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಂಡಿಯನ್ನು ಗೋಡೆಯ ಮುಂದೆ ಓಡಿಸಿದೆ, ನಿಂತಿತು. ಬೀರುವಿನ ಮುಂದೆ, ಬಕೆಟ್ಟಿನ ಮುಂದೆ, ಎಲ್ಲೆಲ್ಲೂ ನಿಂತಿತು! ಷಡ್ಡಕನನ್ನೂ ನಾದಿನಿಯನ್ನೂ ಭಾನುವಾರ ಟೀಗೆ ಕರೆದೆ.

ಷಡ್ಡಕ ನೆಗಡಿ ಎಂದು ದಪ್ಪ ಉಣ್ಣೆ ಶಾಲು ಹೊದ್ದು ಬಂದಿದ್ದ. ಅದನ್ನು ಪಾದದವರೆಗೂ ಇಳಿಬಿಟ್ಟು ಸೋಫಾದಲ್ಲಿ ಕುಳಿತ. "ಯಾರೂ ಅಲ್ಲಾಡಬೇಡಿ!" ಎಂದು ಅಪ್ಪಣೆ ಕೊಡಿಸಿ ನಾನು ಚಪ್ಪಾಳೆ ತಟ್ಟಿದೆ. ಬಂಡಿ ಅಡುಗೆಮನೆಯಿಂದ ಮೆರವಣಿಗೆ ಹೊರಟಿತು. ಟೇಪು ಮುಗಿದಲ್ಲಿ ನಿಂತು, ಅಲ್ಲಾಡುವವರು ಯಾರೆಂದು ಹುಡುಕಿತು. ಷಡ್ಡಕ ಸೀನಿದ.

ಬಂಡಿ ನೇರ ಅವನತ್ತ ನುಗ್ಗಿತು. ನಿಲ್ಲಲಿಲ್ಲ! ಶಾಲಿನೊಳಗೆ ಮೂತಿ ತೂರಿಸಿ, ನಾಲ್ಕೂ ಕಪ್ ಟೀಯನ್ನು ಅವನ ಮಡಿಲಿಗೆ ಅರ್ಪಿಸಿತು. ಅವನು "ಅಯ್ಯೋ!" ಎಂದು ಕುಣಿದ. ಕುಣಿದಷ್ಟೂ ಅದು ಬೆನ್ನು ಹತ್ತಿತು. ಅವನು ಕುರ್ಚಿ ಹತ್ತಿದ.

"ಭಾವ, ನಿಲ್ಸೋದು ಹೇಗೆ?"

"ಹೊರಡಿಸೋಕೆ ಮಾತ್ರ ಪ್ರೋಗ್ರಾಂ ಬರೆದಿದ್ದೀನಿ ಕಣಯ್ಯಾ!"

ನನ್ನ ಹೆಂಡತಿ ನಕ್ಕು ನಕ್ಕು ಸಾಕಾಗಿ, ತಡೆಯಲಾರದೆ ಚಪ್ಪಾಳೆ ತಟ್ಟಿದಳು. ಬಂಡಿಗೆ ಹೊಸ ಹುರುಪು ಬಂತು! "ಚಪ್ಪಾಳೆ ತಟ್ಟಬೇಡ ಕಣೇ!" ಎಂದು ಕಿರುಚಿದೆ. ಯಾವ ಚಪ್ಪಾಳೆಗಾಗಿ ಇಷ್ಟೆಲ್ಲ ಮಾಡಿದೆನೋ ಅದನ್ನೇ ಕೈಮುಗಿದು ಬೇಡವೆಂದೆ. ಕೊನೆಗೆ ಅವಳೇ ಬಂಡಿಯನ್ನು ಎತ್ತಿ ಬೋರಲು ಹಾಕಿದಳು. ಗಾಲಿಗಳು ಗಾಳಿಯಲ್ಲಿ ತಿರುಗಿ ತಿರುಗಿ ಸುಮ್ಮನಾದವು. ಯಾರ ಕಣ್ಣಿಗೂ ಬೀಳದಿರಲೆಂದು ನಾನು ಅದನ್ನು ಒಯ್ದು ಮಂಚದ ಕೆಳಗೆ ನಿಲ್ಲಿಸಿ ಬಂದೆ.

ಷಡ್ಡಕ ನನ್ನ ಪೈಜಾಮ ತೊಟ್ಟು ಬಂದು ಕುಳಿತ. "ಉಣ್ಣೆ ಶಬ್ದಾನ ನುಂಗಿಬಿಡುತ್ತೆ ಭಾವ. ಅದು ವಾಪಸ್ ಬರದಿದ್ರೆ ಬಂಡಿ ಎದುರಿಗೆ ಏನೂ ಇಲ್ಲ ಅನ್ಕೊಳ್ಳುತ್ತೆ. ಶಾಲು ಮೆತ್ತಗಿರೋದ್ರಿಂದ ಸ್ವಿಚ್ಚೂ ಒತ್ತಿಕೊಳ್ಳಲ್ಲ." ನಮ್ಮ ಮನೆಯ ಗೋಡೆ, ಬೀರು, ಬಕೆಟ್ಟು ಯಾವುವೂ ಶಾಲು ಹೊದೆಯುವುದಿಲ್ಲ, ನನಗೆ ಹೇಗೆ ಗೊತ್ತಾಗಬೇಕು?

ಅಷ್ಟರಲ್ಲಿ ನಾದಿನಿ ಬಾಯಿ ಬಿಟ್ಟಳು. "ಇವರು ಆ ಬಂಡಿ ಮಾಡಿದ್ದು ಯಾಕೆ ಗೊತ್ತಾ ಭಾವ? ನಿಮ್ಮಿಂದ!"

"ನನ್ನಿಂದಾನಾ?"

"ಭಾವ ದಿನಾ ಬೆಳಿಗ್ಗೆ ಅಕ್ಕನಿಗೆ ಹಾಸಿಗೆ ಹತ್ರಾನೇ ಟೀ ತಂದುಕೊಡ್ತಾರೆ, ನೀವೂ ಇದ್ದೀರಿ ಅಂತ ಇವರಿಗೆ ಹೇಳಿ ಹೇಳಿ ನನ್ನ ಬಾಯಿ ನೋಯ್ತು. ಇವರಿಗೆ ನಿಮ್ಮ ಮೇಲೆ ಉರಿಯೋ ಉರಿ. ಆದರೆ ಏಳೋಕೆ ಸೋಮಾರಿತನ. ಅದಕ್ಕೇ ಬಂಡಿ!"

ಷಡ್ಡಕ ನೆಲ ನೋಡಿದ. ಅವನ ಮೇಲೆ ನನಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಎದೆ ಉಬ್ಬಿ ಅಂಗಿಯ ಗುಂಡಿ ಕೀಳುವುದರಲ್ಲಿತ್ತು.

"ಆ ಟೀ ನಿಂತು ಮೂರು ವಾರ ಆಯ್ತು ಕಣೆ," ಎಂದಳು ನನ್ನ ಹೆಂಡತಿ. "ಇವರು ಟೀ ಬಂಡಿ ಮಾಡ್ತಿದ್ರಲ್ಲ!"

ಗುಂಡಿ ಉಳಿಯಿತು.

ಮರುದಿನ ಬೆಳಿಗ್ಗೆ ಚಳಿಗೆ ಶಾಲು ಹೊದ್ದು, ನನ್ನ ಕೈಯಾರೆ ಟೀ ಮಾಡಿ, ಹಾಸಿಗೆಯ ಬಳಿಗೇ ಒಯ್ದೆ. ಅವಳು ಒಂದು ಗುಟುಕು ಕುಡಿದಳು. ನನ್ನನ್ನೇ ನೋಡಿದಳು. ಕಪ್ಪನ್ನು ಪಕ್ಕಕ್ಕಿಟ್ಟು ನನಗಾಗಿ, ನನಗೊಬ್ಬನಿಗಾಗಿ, ಚಪ್ಪಾಳೆ ತಟ್ಟಿದಳು! ನನ್ನ ಕಣ್ಣು ತುಂಬಿ ಬಂತು.

ಮಂಚದ ಕೆಳಗೆ ಗುರ್ರ್ ಎಂದಿತು. ಬ್ಯಾಟರಿ ತೆಗೆಯುವುದನ್ನೇ ಮರೆತಿದ್ದೆ!

"ಅಲ್ಲಾಡಬೇಡಿ ರೀ!" ಎಂದು ಹೆಂಡತಿ ಕಾಲು ಮೇಲೆಳೆದುಕೊಂಡಳು. ನಾನು ಉಸಿರು ಬಿಗಿಹಿಡಿದು ಕಂಬವಾದೆ. ಬಂಡಿ ಹೊರಗೆ ತಲೆ ಹಾಕಿ ನನ್ನ ಶಾಲಿನ ಮುಂದೆ ಕಾಯತೊಡಗಿತು. ಅವಳು ನಿಧಾನವಾಗಿ ಟೀ ಮುಗಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಪರವಾಗಿಲ್ಲ ರೀ. ಕೊನೆಗೂ ಅವರ ಬಂಡಿಯಷ್ಟೇ ಚೆನ್ನಾಗಿ ನಿಲ್ಲೋದು ಕಲಿತ್ರಿ!"