ಪಕ್ಕದ ಮನೆಯ ಹಾರುದೋಣಿ

ಆ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಶಿರಾಯಿ ಡಾಕ್ಟರು ಮಕಿನೋನ ಬಾಗಿಲು ತಟ್ಟದೇ ಇದ್ದಿದ್ದರೆ ಆಮೇಲಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ತಟ್ಟಿದರು. ಮೈಮೇಲೆ ಕಪ್ಪು ಸೂಟು, ಕಪ್ಪು ಟೈ. ತೋಳಿನಲ್ಲಿ ಹಸುಗೂಸಿನ ಹಾಗೆ ಎತ್ತಿಕೊಂಡಿದ್ದ ಒಂದು ಅಗಲವಾದ ಡಬ್ಬ, ಅದಕ್ಕೆ ನೀಲಿ ಬಟ್ಟೆಯ ಗಂಟು.

“ಮಕಿನೋ ಅವ್ರೇ, ಒಂದು ಉಪಕಾರ ಆಗ್ಬೇಕಲ್ಲ. ಹಮಾಮತ್ಸುನಲ್ಲಿ ನಮ್ಮಣ್ಣನ ತಿಥಿ ಇವತ್ತು. ಬರೋದು ಮೂರು ಗಂಟೆ ಆಗುತ್ತೆ. ಸ್ಪರ್ಧೆಯ ಮಾದರಿ ವಿಮಾನ ಹತ್ತರೊಳಗೆ ಸಭಾಂಗಣದಲ್ಲಿ ಇರ್ಬೇಕು. ನಿಮ್ಮದರ ಜೊತೆ ಇದನ್ನೂ ಒಯ್ದುಬಿಡ್ತೀರಾ?”

“ಅದಕ್ಕೇನಂತೆ ಡಾಕ್ಟ್ರೇ, ಕೊಡಿ ಕೊಡಿ,” ಅಂದ ಮಕಿನೋ. ನಗುತ್ತಲೇ ಅಂದ. ಹಲ್ಲುನೋವಿದ್ದವನು ಫೋಟೋಗೆ ನಗುವ ಹಾಗೆ.

ಶಿಮಿಜು ಬಂದರಿನ ಬೀದಿಯಲ್ಲಿ ಪ್ಲಾಸ್ಟಿಕ್ ವಿಮಾನ ಕಟ್ಟದ ಗಂಡಸು ಸಿಕ್ಕಿದರೆ ಅವನು ಬೇರೆ ಊರಿನವನೇ ಸರಿ. ಅರ್ಧ ಊರು ಮಾದರಿ ಕಾರ್ಖಾನೆಗಳಲ್ಲಿ ದುಡಿದದ್ದು, ಇನ್ನರ್ಧ ಊರು ಅಲ್ಲಿ ತಯಾರಾದದ್ದನ್ನು ಮನೆಯಲ್ಲಿ ಅಂಟಿಸುತ್ತ ಕೂತದ್ದು. ಬೀದಿಯ ಮಾದರಿ ಸಂಘ ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸುತ್ತಿತ್ತು. ಆರು ವರ್ಷಗಳಿಂದ ಮೊದಲನೆಯ ಬಹುಮಾನ ಡಾಕ್ಟರಿಗೆ, ಎರಡನೆಯದು ಮಕಿನೋಗೆ. ಆರು ವರ್ಷ ಅಂದರೆ ಆರೂ ವರ್ಷ, ನಡುವೆ ಒಂದು ಸಲವೂ ಯಾರೂ ತಪ್ಪಿರಲಿಲ್ಲ.

ಡಾಕ್ಟರು ನಲವತ್ತು ವರ್ಷ ಊರಿನವರ ಬಾಯೊಳಗೆ ಕೈಯಾಡಿಸಿದ ದಂತವೈದ್ಯರು. ಆ ಕೈ ನಡುಗುತ್ತಿರಲಿಲ್ಲ. ಮಕಿನೋ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತು ವರ್ಷದಿಂದ ಕಂಡವರ ಡಬ್ಬಗಳ ಮೇಲೆ ‘ಒಡೆಯುವ ವಸ್ತು, ಜೋಪಾನ’ ಎಂದು ಮುದ್ರೆ ಒತ್ತುತ್ತಿದ್ದವನು. ಡಾಕ್ಟರು ಯಾವ ಬ್ರಷ್ ಕೊಂಡರೆ ಅವನೂ ಅದನ್ನೇ ಕೊಂಡ. ಅವರು ಬಣ್ಣ ಹಚ್ಚುವಾಗ ಬಾರ್ಲಿ ಚಹಾ ಕುಡಿಯುತ್ತಾರೆ ಎಂದು ಕಿಟಕಿಯಿಂದ ಕಂಡುಕೊಂಡು, ಸೇರದಿದ್ದರೂ ಬಾರ್ಲಿ ಚಹಾ ಕುಡಿಯತೊಡಗಿದ. ಚಹಾದಿಂದ ಹೊಟ್ಟೆ ತಣ್ಣಗಾಗುತ್ತದಂತೆ. ಅವನ ಹೊಟ್ಟೆ ಆಗಲಿಲ್ಲ.

“ಪಕ್ಕದ ಮನೆ ದೀಪ ನೋಡಿ ನಮ್ಮನೇಲಿ ಉರ್ಕೊಳ್ಳೋರು ನೀವೊಬ್ರೇ ಕಣ್ರೀ,” ಎನ್ನುತ್ತಿದ್ದಳು ಹೆಂಡತಿ ಫುಮಿ.

ಈ ವರ್ಷ ಸಂಘದವರು ಹೊಸ ನಿಯಮ ತಂದಿದ್ದರು. ಎಲ್ಲರೂ ಒಂದೇ ವಿಮಾನ ಕಟ್ಟಬೇಕು: ನೌಕಾಪಡೆಯ ನಾಲ್ಕು ಎಂಜಿನ್‌ನ ಹಾರುದೋಣಿ, ನೀರಿನ ಮೇಲೆ ಇಳಿಯುವಂಥದ್ದು, ಕಡುಹಸಿರು ಬಣ್ಣದ್ದು. ಕೈಚಳಕ ಯಾರದ್ದೆಂದು ಆಗ ತಾನೇ ತಿಳಿಯುತ್ತದೆ ಎಂದು ಮಕಿನೋ ಎಲ್ಲರಿಗಿಂತ ಜೋರಾಗಿ ಕೈಯೆತ್ತಿದ್ದ. ಎಂಟು ತಿಂಗಳು ಕೂತು ಕಟ್ಟಿದ್ದ.

ಎರಡು ಡಬ್ಬ ಒಯ್ಯಲು ಬೀದಿ ಕೊನೆಯಲ್ಲಿ ಓಡೆನ್ ಎಂಬ ಸಾರಿನಲ್ಲಿ ಬೇಯಿಸಿದ ತಿನಿಸು ಮಾರುವ ಅಂಗಡಿಯ ತೊಶಿ ಅಜ್ಜಿಯ ಹತ್ತಿರ ತರಕಾರಿ ಗಾಡಿ ಕೇಳಿ ಪಡೆದ. ಅಜ್ಜಿ ಕಪ್ಪು ಸಾರಿನ ಪಾತ್ರೆಗೆ ಮೂಲಂಗಿ ಬಿಡುತ್ತ ನೀಲಿ ಗಂಟಿನ ಕಡೆ ಕಣ್ಣು ಹಾಯಿಸಿದಳು.

“ಅದು ಡಾಕ್ಟ್ರದ್ದಲ್ವೇನೋ?”

“ಹೌದಜ್ಜಿ. ನನ್ನನ್ನ ನಂಬಿ ಕೊಟ್ಟಿದ್ದಾರೆ.”

“ಅಯ್ಯೋ ದೇವರೇ! ಒಣಮೀನು ಕಾಯೋಕೆ ಬೆಕ್ಕನ್ನ ಕೂರ್ಸಿದ ಹಾಗಾಯ್ತಲ್ಲ,” ಎಂದಳು ಅಜ್ಜಿ, ಕ್ಷೌರದಂಗಡಿಯವರೆಗೂ ಕೇಳುವ ಹಾಗೆ.

ಹತ್ತು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಮಕಿನೋ ಕಡಲ ತಡೆಗೋಡೆಯ ಪಕ್ಕ ಗಾಡಿ ನಿಲ್ಲಿಸಿದ. ಫುಮಿ ಕಟ್ಟಿಕೊಟ್ಟಿದ್ದ ಅನ್ನದುಂಡೆಯನ್ನು ಎಡಗೈಯಲ್ಲಿ ಹಿಡಿದು ಕೂತ. ಕಣ್ಣು ಮಾತ್ರ ನೀಲಿ ಗಂಟಿನ ಮೇಲೆ. ಗಾಡಿ ಕುಲುಕಿದ್ದರಿಂದ ಒಳಗೆ ಏನಾದರೂ ಸಡಿಲವಾಗಿದ್ದರೆ? ನೋಡುವುದು ಪಾರ್ಸೆಲ್ ಗುಮಾಸ್ತನ ಕರ್ತವ್ಯವಲ್ಲವೇ? ಹೀಗೆ ತನ್ನನ್ನು ತಾನೇ ಒಪ್ಪಿಸಿ ಗಂಟು ಬಿಚ್ಚಿದ. ಮುಚ್ಚಳ ತೆಗೆದ. ಬಿಸಿಲಿಗೆ ಹಿಡಿದು ನೋಡದಿದ್ದರೆ ಬಣ್ಣ ತಿಳಿಯುವುದಿಲ್ಲವೆಂದು ವಿಮಾನವನ್ನು ಎತ್ತಿ ಗೋಡೆಯ ಮೇಲಿಟ್ಟ.

ಇಟ್ಟವನು ಉಸಿರಾಡುವುದನ್ನೇ ಮರೆತ.

ಹಸಿರು ಬರೀ ಹಸಿರಾಗಿರಲಿಲ್ಲ. ರೆಕ್ಕೆಯ ಮೇಲೆ ಬಿಸಿಲಿಗೆ ಬೆಳ್ಳಗಾಗಿತ್ತು, ಹೊಟ್ಟೆಯ ಹತ್ತಿರ ಉಪ್ಪುನೀರು ನೆಕ್ಕಿ ನೆಕ್ಕಿ ಸವೆದಿತ್ತು. ಎಂಜಿನ್‌ಗಳ ಹಿಂದೆ ಎಣ್ಣೆ ಸೋರಿದ ಎಳೆ, ಸಿಪಾಯಿಗಳು ಹತ್ತಿಳಿದ ಕಡೆ ಬೂಟು ಉಜ್ಜಿದ ಗುರುತು. ಇವತ್ತು ಬೆಳಿಗ್ಗೆ ತಾನೇ ಸಮುದ್ರದಿಂದ ಎದ್ದು ಬಂದು ಗೋಡೆಯ ಮೇಲೆ ಮೈ ಕಾಯಿಸುತ್ತ ಕೂತ ಹಾಗಿತ್ತು. ಮಕಿನೋನ ಎದೆಯೊಳಗೆ ಯಾರೋ ಮೆಣಸಿನಪುಡಿ ಎರಚಿದಂತಾಯಿತು. ‘ಏಳನೇ ಸಲ,’ ಎಂದುಕೊಂಡ. ಕೈಯಲ್ಲಿದ್ದ ಅನ್ನದುಂಡೆಯ ನೆನಪೇ ಹಾರಿಹೋಯಿತು.

ಆ ಅನ್ನದುಂಡೆಯನ್ನು ಮೇಲಿನಿಂದ ಒಂದು ಹದ್ದು ನೋಡುತ್ತಿತ್ತು.

ಬಂದದ್ದು ಕಾಣಲಿಲ್ಲ, ಹೋದದ್ದು ಮಾತ್ರ ಕಂಡಿತು. ಕೈ ಖಾಲಿಯಾಯಿತು, ಮುಖಕ್ಕೆ ಗಾಳಿ ಬಡಿಯಿತು, ಹದ್ದಿನ ಬಲರೆಕ್ಕೆ ಡಾಕ್ಟರ ಹಾರುದೋಣಿಗೆ ತಾಗಿತು. ಹಾರುದೋಣಿ ತನ್ನ ಜನ್ಮದಲ್ಲಿ ಮೊದಲ ಸಲ ಹಾರಿತು. ನಾಲ್ಕಡಿ ಹಾರಿ, ಮೂಗು ಕೆಳಗೆ ಮಾಡಿ, ಗೋಡೆಯಾಚೆಯ ಒದ್ದೆ ಮರಳಿಗೆ ಬಿತ್ತು. ಎಡರೆಕ್ಕೆ ಅರ್ಧಕ್ಕೆ ಮುರಿಯಿತು. ಬಾಲ ಜೋತಾಡಿತು. ಎರಡು ಫ್ಯಾನುಗಳು ಎಲ್ಲಿ ಹೋದವೋ ಕಡಲಿಗೇ ಗೊತ್ತು.

ಮರಳಿನಲ್ಲಿ ಮಂಡಿಯೂರಿ ಕೂತ ಮಕಿನೋಗೆ ಅಳು ಬಂತು. ಆರು ವರ್ಷದಲ್ಲಿ ಈ ಡಾಕ್ಟರ ವಿಮಾನಗಳನ್ನು ಅವನು ಮನಸ್ಸಿನಲ್ಲಿ ನೂರು ಸಲ ಒಡೆದಿದ್ದ, ಕಾಲಲ್ಲಿ ತುಳಿದಿದ್ದ, ಬೆಂಕಿ ಕೂಡ ಇಟ್ಟಿದ್ದ. ಇಂದು ಅವನು ಏನೂ ಮಾಡಿರಲಿಲ್ಲ. ಆದರೆ ನಂಬುವವರು ಯಾರು? ‘ಹದ್ದು ಒಡೀತು’ ಅಂದರೆ ತೊಶಿ ಅಜ್ಜಿ ಹೊಟ್ಟೆ ಹಿಡಿದು ನಗುತ್ತಾಳೆ. ಸ್ವಂತ ಹೆಂಡತಿಯೇ ನಂಬುವುದಿಲ್ಲ.

ಸಿಕ್ಕಿದ್ದನ್ನೆಲ್ಲ ಮರಳಿನ ಸಮೇತ ಡಬ್ಬಕ್ಕೆ ಬಾಚಿಕೊಂಡು, ಅಜ್ಜಿಯ ಅಂಗಡಿಯ ಹಿತ್ತಲಲ್ಲಿ ಅವಿತು ಕೂತು ರಿಪೇರಿಗೆ ಕೈ ಹಾಕಿದ. ಜೇಬಿನಲ್ಲಿ ಚಿಟಿಕೆ ಹೊಡೆಯುವುದರೊಳಗೆ ಹಿಡಿಯುವ ಅಂಟಿನ ಟ್ಯೂಬ್ ಇತ್ತು. ಅವಸರದಲ್ಲಿ ಹಿಂಡಿದ. ಅಂಟು ಬಾಲವನ್ನು ಹಿಡಿಯಿತು, ಆದರೆ ವಿಮಾನಕ್ಕಲ್ಲ, ಅವನ ಹೆಬ್ಬೆರಳಿಗೆ. ಎಳೆದ. ಬರಲಿಲ್ಲ. ಹಲ್ಲು ಕಚ್ಚಿ ಎಳೆದ. ಒಂದು ಚೂರು ಚರ್ಮದ ಜೊತೆ ಬಾಲ ಎರಡು ತುಂಡಾಗಿ ಬಂತು.

“ಯಾರೋ ಅದು ಹಿತ್ತಲಲ್ಲಿ? ಬೆಕ್ಕಾ?” ಎಂದು ಸೌಟು ಹಿಡಿದೇ ಬಂದಳು ಅಜ್ಜಿ. ಮಕಿನೋ ಮುರಿದದ್ದನ್ನು ಅಂಗಿಯಡಿ ಮುಚ್ಚಿಕೊಂಡು ಬೆನ್ನು ತಿರುಗಿಸಿದ. ಅಜ್ಜಿ ಕಣ್ಣಿಗೆ ಬಿದ್ದದ್ದು ಗಾಡಿಯ ಮೇಲಿದ್ದ ಇನ್ನೊಂದು ಡಬ್ಬ, ಅದರ ಪಕ್ಕದಲ್ಲೇ ಬಿಚ್ಚಿ ಬಿದ್ದಿದ್ದ ನೀಲಿ ಬಟ್ಟೆ. ಕೇಳದೆ ಮುಚ್ಚಳ ಎತ್ತಿದಳು.

“ಆಹಾ! ಕೈ ಅಂದ್ರೆ ಡಾಕ್ಟ್ರ ಕೈ! ನೋಡೋ, ಹೆಂಗೆ ಮಿರಮಿರ ಅಂತಿದೆ. ನೋಡಿ ಕಲ್ತ್ಕೋ, ಮಕಿನೋ. ಜನ್ಮದಲ್ಲಿ ನಿನಗೆ ಹಿಂಗೆ ಬರುತ್ತಾ?”

ಅದು ಮಕಿನೋನ ವಿಮಾನ.

ಅವನಿಗೆ ಒಂದೇ ಕ್ಷಣದಲ್ಲಿ ಕುಣಿಯಬೇಕು ಅನ್ನಿಸಿತು, ಅಜ್ಜಿಯ ಸೌಟು ಕಿತ್ತು ಎಸೆಯಬೇಕು ಅನ್ನಿಸಿತು. ಅವೆರಡರ ನಡುವೆ ಒಂದು ಉಪಾಯವೂ ಹೊಳೆಯಿತು. ಒಂದೇ ವಿಮಾನ, ಒಂದೇ ಹಸಿರು. ತನ್ನದನ್ನು ಡಾಕ್ಟರ ಹೆಸರಿನಲ್ಲಿ ಇಟ್ಟುಬಿಡುವುದು. ಮುರಿದದ್ದು ತನ್ನದೇ, ದಾರಿಯಲ್ಲಿ ಬಿದ್ದುಹೋಯಿತು ಎನ್ನುವುದು. ತನ್ನ ವಿಮಾನ ಮುರಿದುಕೊಂಡೂ ಪಕ್ಕದ ಮನೆಯವರದ್ದನ್ನು ಜೋಪಾನ ಮಾಡಿದ ಮಹಾನುಭಾವ! ಡಾಕ್ಟರಿಗೆ ಸತ್ಯವನ್ನು ಸಂಜೆ ಏಕಾಂತದಲ್ಲಿ ಹೇಳಿ ಕಾಲು ಹಿಡಿದರಾಯಿತು.

ಸಭಾಂಗಣದ ಬಾಗಿಲಲ್ಲಿ ಸಂಘದ ಕಾರ್ಯದರ್ಶಿ, ಕ್ಷೌರದಂಗಡಿಯ ನೊಝಾಕಿ, ಪಟ್ಟಿ ಹಿಡಿದು ನಿಂತಿದ್ದ. ಮಕಿನೋ ತನ್ನ ವಿಮಾನವನ್ನು ‘ಶಿರಾಯಿ’ ಎಂಬ ಚೀಟಿಯ ಮುಂದೆ ಇಟ್ಟ. ಮಗಳನ್ನು ಶತ್ರುವಿನ ಮನೆಗೆ ಕೊಟ್ಟಷ್ಟು ಸಂಕಟವಾಯಿತು.

“ನಿಮ್ಮದೆಲ್ಲಿ?”

“ನನ್ನದು... ದಾರೀಲಿ... ಈ ಸಲ ನನ್ನದು ಇಲ್ಲ ನೊಝಾಕಿ. ಸ್ಪರ್ಧೆಗೆ ನಾನಿಲ್ಲ.”

“ಏನಿಲ್ಲ? ತೋರ್ಸಿ ಇಲ್ಲಿ!” ನೊಝಾಕಿ ಡಬ್ಬ ಕಿತ್ತುಕೊಂಡು ಮುಚ್ಚಳ ತೆಗೆದ. ಒಳಗೆ ಒದ್ದೆ ಮರಳು, ಅದರಲ್ಲಿ ಅರ್ಧ ಹೂತ ಹಾರುದೋಣಿ, ಮುರಿದ ರೆಕ್ಕೆ, ಸುತ್ತಿಕೊಂಡ ಒಂದು ಎಳೆ ಕಡಲಪಾಚಿ. ನೊಝಾಕಿ ಬಾಯಿ ಬಿಟ್ಟ.

“ರೀ! ಏನು ಧೈರ್ಯಾರೀ ನಿಮ್ಮದು! ಎಲ್ರೂ ಹಾರೋದನ್ನ ತಂದ್ರೆ ನೀವು ಬಿದ್ದಿದ್ದನ್ನ ತಂದಿದ್ದೀರಲ್ರೀ!”

“ಅಲ್ಲ ಮಾರಾಯಾ, ಅದು ನಿಜವಾಗ್ಲೂ ಬಿದ್ದಿದ್ದು...”

“ಗೊತ್ತಾಗುತ್ತೆ ಬಿಡಿ, ನಿಜವಾಗ್ಲೂ ಬಿದ್ದ ಹಾಗೇ ಇದೆ!”

ಮರಳಿನ ಸಮೇತ ತಟ್ಟೆಗೆ ಸುರಿದು ಮೇಜಿನ ಮೇಲಿಟ್ಟ. ‘ಕೊನೆಯ ದಡ — ಮಕಿನೋ’ ಎಂದು ತಾನೇ ಚೀಟಿ ಬರೆದು ನಿಲ್ಲಿಸಿದ. ನಿಜ ಹೇಳಲು ಹೊರಟರೆ ಅದು ಡಾಕ್ಟರ ವಿಮಾನ ಎಂಬುದನ್ನೂ ಹೇಳಬೇಕು. ಮಕಿನೋ ಬಾಯಿ ಮುಚ್ಚಿಕೊಂಡ.

ತೀರ್ಪು ಹೇಳಲು ಬಂದವರು ಅರಕಾವಾ ಎಂಬ ಮುದುಕರು. ಐವತ್ತು ವರ್ಷ ಮಾದರಿಗಳ ಅಚ್ಚು ಕೊರೆದ ಕೈ. ಇಪ್ಪತ್ಮೂರು ಹಾರುದೋಣಿಗಳ ಮುಂದೆ ಭೂತಗನ್ನಡಿ ಹಿಡಿದು ಒಂದೊಂದಾಗಿ ಸಾಗಿದರು. ಎರಡರ ಮುಂದೆ ಮಾತ್ರ ಬಹಳ ಹೊತ್ತು ನಿಂತರು. ಮಕಿನೋನ ಒಳಗೆ ವಿಚಿತ್ರವಾದ ಆಸೆಯೊಂದು ತಲೆಯೆತ್ತಿತು. ಇಂದು ತನ್ನ ವಿಮಾನಕ್ಕೆ ಡಾಕ್ಟರ ಹೆಸರಿನ ಬಲವಿದೆ, ಡಾಕ್ಟರದ್ದು ಮುರಿದು ಬಿದ್ದಿದೆ. ತನ್ನದು ಮೊದಲು ಬಂದರೆ? ಯಾರಿಗೂ ಗೊತ್ತಾಗದಿದ್ದರೂ ತನಗೆ ಗೊತ್ತಲ್ಲ! ಅಷ್ಟು ಸಾಕು. ದೇವರೇ, ಶಿರಾಯಿ ಗೆಲ್ಲಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡ.

ಮೂರು ಗಂಟೆಗೆ ಸರಿಯಾಗಿ ಡಾಕ್ಟರು ಕಪ್ಪು ಸೂಟಿನಲ್ಲೇ ಒಳಗೆ ಬಂದು ಹಿಂದಿನ ಸಾಲಿನಲ್ಲಿ ನಿಂತರು. ಮುದುಕರು ಗಂಟಲು ಸರಿಮಾಡಿಕೊಂಡರು.

“ಎರಡನೇ ಬಹುಮಾನ, ಶಿರಾಯಿ ಅವರ ಹಾರುದೋಣಿ. ಶುದ್ಧ ಕೆಲಸ, ಎಲ್ಲೂ ತಪ್ಪಿಲ್ಲ. ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಟ್ಟುವಾಗ ಇವರ ಕಣ್ಣು ತಮ್ಮ ತಟ್ಟೆ ಮೇಲೆ ಇರ್ಲಿಲ್ಲ, ಪಕ್ಕದವರ ತಟ್ಟೆ ಮೇಲಿತ್ತು ಅನ್ಸುತ್ತೆ.”

ಮಕಿನೋಗೆ ಕೂತಲ್ಲೇ ಬೆವರಿತು.

“ಮೊದಲನೇ ಬಹುಮಾನ, ಮಕಿನೋ ಅವರ ‘ಕೊನೆಯ ದಡ’. ಏನು ಬಣ್ಣ ಅದು! ಆ ಎಣ್ಣೆಯ ಎಳೆ, ಆ ಉಪ್ಪಿನ ಸವೆತ... ಇಂಥ ಬಣ್ಣ ಹಚ್ಚಿದ ಮೇಲೆ ಅದನ್ನ ಮುರಿಯೋಕೆ ಎಂಟೆದೆ ಬೇಕು!”

ಸಭಾಂಗಣ ಚಪ್ಪಾಳೆಯಿಂದ ಅದುರಿತು. ಕಪ್ಪು ಪೀಠದ ಹಿತ್ತಾಳೆ ಕಪ್ ಕೈಗೆ ಬಂತು. ಅದಕ್ಕಾಗಿ ಆರು ವರ್ಷ ಬಾಯಿ ಬಿಟ್ಟುಕೊಂಡಿದ್ದ ಮಕಿನೋ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವನ ಹಾಗೆ ಅದನ್ನು ಹಿಡಿದು ನಿಂತ. ಹೆಸರು ಅದಲುಬದಲಾದರೂ ಡಾಕ್ಟರ ಕೈ ಮೊದಲು, ತನ್ನ ಕೈ ಎರಡನೆಯದು. ಏಳನೇ ಸಲ.

ಅಷ್ಟರಲ್ಲಿ ಡಾಕ್ಟರು ಮೇಜಿನ ಹತ್ತಿರ ಬಂದಿದ್ದರು. ಮರಳಿನಲ್ಲಿ ಬಿದ್ದದ್ದನ್ನು ನೋಡಿದರು. ಆಮೇಲೆ ತಮ್ಮ ಹೆಸರಿನ ಚೀಟಿಯ ಹಿಂದಿದ್ದದ್ದನ್ನು ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು.

“ಥೂ, ನನಗೇ ನಾಚಿಕೆ ಆಗ್ತಿದೆ,” ಎಂದರು ಎಲ್ಲರಿಗೂ ಕೇಳುವ ಹಾಗೆ. “ಈ ಕೂಡಿಸಿದ ಗೆರೆ ಸರಿಯಾಗಿ ಉಜ್ಜೇ ಇಲ್ಲ. ಕಿಟಕಿ ಮೇಲೆ ಬೆರಳಿನ ಗುರುತು. ಇಷ್ಟು ಒರಟು ಕೆಲಸ ನಾನು ಮಾಡಿದ್ನಾ?”

“ಒರಟಾ?” ಮಕಿನೋನ ಬಾಯಿಂದ ಮಾತು ತಾನಾಗಿ ಹಾರಿತು. “ಎಲ್ಲಿ ಒರಟು ಡಾಕ್ಟ್ರೇ? ಆ ಗೆರೆ ನಾಲ್ಕು ಸಲ ಉಜ್ಜಿದ್ದು! ಆ ರೆಕ್ಕೆ ನೋಡಿ, ಕೂದಲೆಳೆಯಷ್ಟು ಸೊಟ್ಟ ಇದ್ರೆ ಹೇಳಿ! ಎಂಟು ತಿಂಗಳು ನಿದ್ದೆಗೆಟ್ಟು... ನಿದ್ದೆಗೆಟ್ಟಿರ್ಬೇಕು ನೀವು!”

ನೊಝಾಕಿ ಕಣ್ಣೊರೆಸಿಕೊಂಡ. “ನೋಡ್ರಪ್ಪಾ! ಗೆದ್ದ ಮೇಲೂ ಸೋತವರನ್ನ ಹೊಗಳೋ ಮನಸ್ಸು! ನಾವೆಲ್ಲ ಇವರನ್ನ ಹೊಟ್ಟೆಕಿಚ್ಚಿನವರು ಅಂದ್ಕೊಂಡಿದ್ವಲ್ಲ!”

ಮತ್ತೆ ಚಪ್ಪಾಳೆ. ಡಾಕ್ಟರು ಬಾಗಿ ನಮಸ್ಕರಿಸಿದರು.

“ನನ್ನ ಕೆಲಸ ನಿಮಗೆ ಅಷ್ಟು ಹಿಡಿಸಿದ್ರೆ, ಮಕಿನೋ ಅವ್ರೇ, ಅದನ್ನ ನೀವೇ ಇಟ್ಕೊಳ್ಳಿ. ಬದಲಿಗೆ ನಿಮ್ಮದನ್ನ ನನಗೆ ಕೊಡಿ. ನೆರೆಹೊರೆಯ ನೆನಪಿಗೆ.”

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಲ್ಲ ಅನ್ನಲು ಯಾರಿಗೆ ಸಾಧ್ಯವಿತ್ತು?

ಇಬ್ಬರೂ ಅವರವರ ವಿಮಾನ ಅವರವರು ಹಿಡಿದು ಮನೆ ಕಡೆ ನಡೆದರು. ಕಪ್ ಮಕಿನೋನ ಕಂಕುಳಲ್ಲಿತ್ತು. ಬೀದಿಯ ತಿರುವು ದಾಟಿ ಮನೆ ಹತ್ತಿರವಾದ ಮೇಲೆ ಡಾಕ್ಟರು ಮೆಲ್ಲಗೆ ಕೇಳಿದರು:

“ನಾನು ಕಟ್ಟಿದ ಹಲ್ಲು ಯಾರ ಬಾಯಲ್ಲಿದ್ರೂ ನಾನು ಗುರುತು ಹಿಡೀತೀನಿ. ಹೇಳಿ, ಏನಾಯ್ತು? ನಾಯಿನಾ, ಬಸ್ಸಾ?”

ಮಕಿನೋ ನಿಂತುಬಿಟ್ಟ. ತಲೆ ತಗ್ಗಿಸಿದ. “ಹದ್ದು, ಡಾಕ್ಟ್ರೇ. ಮನೆದೇವರಾಣೆ, ಹದ್ದು.”

“ನಂಬ್ತೀನಿ.”

“ನಂಬ್ತೀರಾ?” ಮಕಿನೋ ತಲೆಯೆತ್ತಿದ. “ಊರಲ್ಲಿ ಬೇರೆ ಯಾರೂ ನಂಬಲ್ಲ. ನೀವು ಹೇಗೆ...”

“ನೀವೇ ಒಡೆದಿದ್ರೆ ಇಷ್ಟು ಚೆನ್ನಾಗಿ ಒಡೀತಿರ್ಲಿಲ್ಲ,” ಎಂದರು ಡಾಕ್ಟರು.

ಮಕಿನೋ ವಿಮಾನದ ಡಬ್ಬ ಕೆಳಗಿಟ್ಟು, ಕಂಕುಳಿನ ಕಪ್ ತೆಗೆದು ಎರಡೂ ಕೈಯಿಂದ ಮುಂದೆ ಹಿಡಿದ. “ಇದು ನಿಮ್ಮದು. ತಗೊಳ್ಳಿ.”

ಡಾಕ್ಟರು ತಮ್ಮ ಮನೆಯ ಬಾಗಿಲು ಸರಿಸಿ ಒಳಗೆ ಒಂದು ಹೆಜ್ಜೆ ಇಟ್ಟವರು ತಿರುಗಿ ನೋಡಿದರು.

“ನಿಮ್ಮನೇಲೇ ಇರ್ಲಿ ಬಿಡಿ,” ಎಂದರು ತುಂಬ ಪ್ರೀತಿಯಿಂದ. “ನಮ್ಮನೇಲಿ ಕಪ್ ಇಡೋಕೆ ಇನ್ನು ಜಾಗ ಇಲ್ಲ.”