ಕಂಪ್ಯೂಟರಿನೊಳಗಿನ ಕುರಿಮರಿ

ನಮ್ಮ ಭಾವನವರಿಗೆ ಹೆದರಲು ಕಾರಣವೇ ಬೇಕಿಲ್ಲ. ಕಾರಣ ಸಿಕ್ಕಿಬಿಟ್ಟರೆ, ಪಾಪ, ಸ್ವಲ್ಪ ನೆಮ್ಮದಿಯಾಗುತ್ತದೆ! ಮೊಳಕಾಲ್ಮೂರಿನಿಂದ ನಾನು ಬರುವ ಬಸ್ಸು ಹತ್ತು ನಿಮಿಷ ತಡವಾದರೆ ಸಾಕು, ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳನ್ನೆಲ್ಲ ವಿಚಾರಿಸಿ, ಕೊನೆಗೆ ಬಸ್ಸಿಳಿದ ನನ್ನನ್ನೇ "ಬಂದ್ಯಾ? ನಿಜವಾಗ್ಲೂ ಬಂದ್ಯಾ?" ಎಂದು ಕೇಳುವವರು.

ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಮೇಷ್ಟ್ರು ಅವರು. ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ಊರಲ್ಲಿ ಯಾರೂ ಕೇಳಿರದ 'ಫಂಕ್ಷನಲ್' ಬಗೆಯ ಒಂದು ಪ್ರೋಗ್ರಾಮಿಂಗ್ ಭಾಷೆಗೆ ಗಂಟುಬಿದ್ದರು. ಅದಕ್ಕೆ ಏನು ಕೊಟ್ಟರೂ ಹೊಸದೊಂದನ್ನು ಮಾಡಿಕೊಡುತ್ತದಂತೆ, ಕೊಟ್ಟದ್ದು ಮಾತ್ರ ಕೆಡುವುದಿಲ್ಲವಂತೆ. ಪಕ್ಕದ ಮನೆಯವರು ಒಯ್ದ ನಮ್ಮ ಪಾತ್ರೆಗಳಿಗೂ ಈ ಗುಣವಿದ್ದಿದ್ದರೆ!

ಆ ವರ್ಷವೇ ದೇವಸಮುದ್ರದಲ್ಲಿದ್ದ ನಮ್ಮ ಅವ್ವನಿಗೆ ಸಣ್ಣಗೆ ಲಕ್ವ ಹೊಡೆಯಿತು. ಅಕ್ಕ-ಭಾವ ಕರೆತಂದು ಮನೆಯಲ್ಲಿಟ್ಟುಕೊಂಡರು. ಬಿಪಿ ಮಾತ್ರೆ ಒಂದು ಹೊತ್ತೂ ತಪ್ಪಬಾರದು, ದಿನಾ ನಾಲ್ಕು ಹೆಜ್ಜೆ ನಡೆಯಬೇಕು ಎಂದರು ಡಾಕ್ಟರು. ಹಗಲಲ್ಲಿ ಅಕ್ಕ ಅಂಗನವಾಡಿಗೆ, ಭಾವ ಕೇಂದ್ರಕ್ಕೆ. ಅವ್ವನಿಗೋ ಮರೆವು. ಭಾವನವರಿಗೆ ಊಟ ಸೇರದಾಯಿತು.

"ಮಾತ್ರೆ ಹೊತ್ತಿಗೆ ಎಚ್ಚರಿಸೋಕೆ ಮನೆ ಕಂಪ್ಯೂಟರಿಗೆ ಒಂದು ಪ್ರೋಟೋಕಾಲ್ ಬರೀತೀನಿ" ಎಂದರು ಒಂದು ದಿನ.

"ಹಂಗಂದ್ರೇನು ಭಾವ?"

"'ಎಚ್ಚರಿಸು' ಅಂತ ಕೆಲಸದ ಹೆಸರಷ್ಟೇ ಹೇಳಿಬಿಟ್ರೆ ಅದು ಪ್ರೋಟೋಕಾಲ್ ಕಣಮ್ಮ. ಯಾವ ಬಗೆಯವರ್ನ ಹೆಂಗೆ ಎಚ್ಚರಿಸ್ಬೇಕು ಅನ್ನೋದನ್ನ ಬೇರೆ ಬೇರೆ ಬರೀಬೇಕು. ಅದು ಇಂಪ್ಲಿಮೆಂಟೇಶನ್."

"ಒಬ್ರಿಗೆ ಬರೀದಿದ್ರೆ?"

ಭಾವನವರ ಮುಖ ಬಿಳಿಚಿಕೊಂಡಿತು. "ಅವ್ರ ಸರದಿ ಬಂದಾಗ ಪ್ರೋಗ್ರಾಮೇ ಬಿದ್ದೋಗ್ತೈತೆ!"

ನಮ್ಮ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಬಗೆ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಅಕ್ಕನ ಕಬ್ಬಿಣದ ಮಾತ್ರೆಗೆ ಪರದೆಯ ಮೇಲೆ ಕೆಂಪು ಅಕ್ಷರ ಬರೆದದ್ದಾಯಿತು. ಓದು ಬಾರದ ಅವ್ವನಿಗೆ? ಗಂಟೆ ಬಾರಿಸಿದರೆ ಕೈ ಮುಗಿದು ಸುಮ್ಮನಾದಳು. ಅಕ್ಕನ ದನಿಯಲ್ಲಿ "ಅವ್ವಾ, ಮಾತ್ರೆ!" ಎಂದು ಕೂಗಿಸಿದರೆ, "ಬಂದೆ ಕಣೇ, ಬಾಯಿ ಮಾಡ್ಬ್ಯಾಡ" ಎಂದು ಮಗ್ಗುಲಾದಳು. ಹೆಣ್ಣುಮಕ್ಕಳ ಕೂಗಿಗೆ ಅವ್ವ ಯಾವತ್ತು ಎದ್ದಿದ್ದಳು?

ಭಾವ ಟೇಪ್‌ರೆಕಾರ್ಡರ್ ಹಿಡಿದು ದೇವಸಮುದ್ರದ ಬಸ್ಸು ಹತ್ತಿದರು. ಸಂಜೆ ತಾಯಿಯನ್ನು ಅಗಲಿದ ಕುರಿಮರಿಯ ದನಿಯೊಂದಿಗೆ ಬಂದರು. ಜೀವಮಾನವೆಲ್ಲ ಕುರಿ ಸಾಕಿದವಳಲ್ಲವೇ ಅವ್ವ? ಮರುದಿನ ಎರಡು ಗಂಟೆಗೆ ಕಂಪ್ಯೂಟರು "ಮ್ಯಾ" ಎಂದದ್ದೇ ತಡ, "ಬಂದೆ ಕಣಪ್ಪಾ" ಎನ್ನುತ್ತ ಕೋಲೂರಿಕೊಂಡು ಎದ್ದೇಬಿಟ್ಟಳು! ಕಂಪ್ಯೂಟರಿನ ಪಕ್ಕದಲ್ಲೇ ಬಟ್ಟಲಲ್ಲಿ ಮಾತ್ರೆ. ಯಾರಾದರೂ ಕೀಲಿ ಒತ್ತುವ ತನಕ ಮರಿ ಬಾಯಿ ಮುಚ್ಚದು.

ವಾರದೊಳಗೆ ಕುರಿ ವ್ಯಾಪಾರಿಯೊಬ್ಬ ಬಾಗಿಲಿಗೆ ಬಂದ. "ಮರಿ ಕೊಡ್ತೀರಾ ಸ್ವಾಮಿ?"

"ಅದು ಮರಿ ಅಲ್ಲಪ್ಪಾ, ಇಂಪ್ಲಿಮೆಂಟೇಶನ್!"

"ಓಹೋ, ಹೊಸ ತಳಿನಾ?"

ಆದರೆ ಕರೆಂಟು? ಎರಡು ಗಂಟೆಗೆ ಕರೆಂಟು ಹೋದರೆ ಭಾವ ಪಾಠ ಬಿಟ್ಟು ಓಡಿಬಂದು, ಬಾಗಿಲ ಹಿಂದೆ ನಿಂತು ತಾವೇ "ಮ್ಯಾ" ಎನ್ನುತ್ತಿದ್ದರು. ಎಂಎಸ್ಸಿ ಓದಿದ ಮನುಷ್ಯ!

"ಮಾತ್ರೆ ಕೈಗೇ ಕೊಡಬೌದಲ್ರೀ ಭಾವ?"

"ನಡೆದು ಬಂದು ತಗಂಡ್ರೆ ಕಾಲಿಗೆ ಒಳ್ಳೇದಲ್ವೇನಮ್ಮ?"

ಒಮ್ಮೆ ಅವ್ವ ನನ್ನ ಕಿವಿಯಲ್ಲಿ ಪಿಸುಗುಟ್ಟಿ ನಕ್ಕಳು. "ನಂಗೆ ಮರಿ ಯಾವ್ದು, ಅಳಿಯ ಯಾರು ತಿಳಿಯಲ್ವೇನೇ? ಇಷ್ಟು ಒದ್ದಾಡ್ತಾನಲ್ಲ, ಅದ್ಕೇ ಎದ್ದೋಗ್ತೀನಿ."

ಒಂದು ಹೊತ್ತೂ ತಪ್ಪದೆ ಎರಡು ವರ್ಷ ಮಾತ್ರೆ ನುಂಗಿದ ಅವ್ವ, ಒಂದು ಬೆಳಗ್ಗೆ ನಿದ್ದೆಯಿಂದ ಏಳಲಿಲ್ಲ.

ತಿಥಿ ಮುಗಿದ ಮರುದಿನ ಮೂವರೂ ಕೂತಿದ್ದೆವು; ಅಷ್ಟು ದಿನ ಆರಿದ್ದ ಕಂಪ್ಯೂಟರನ್ನು ಭಾವ ಅಂದೇ ಹಚ್ಚಿದ್ದರು. ಎರಡು ಗಂಟೆಗೆ ಕಂಪ್ಯೂಟರು "ಮ್ಯಾ" ಎಂದಿತು.

"ಅದನ್ನ ತೆಗೆದುಬಿಡ್ರೀ" ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಭಾವ ತಲೆ ಎತ್ತಲಿಲ್ಲ. "ಹೆಂಗ್ ತೆಗೀಲೇ? ಅತ್ತೆ ಸರದಿ ಬಂದಾಗ ಪ್ರೋಗ್ರಾಮ್ ಬಿದ್ದೋಗ್ತೈತೆ."

ಮೊದಲು ಎಚ್ಚರಿಸಬೇಕಾದವರ ಪಟ್ಟಿಯಿಂದ ಅವ್ವನ ಹೆಸರು ತೆಗೆದರೆ ಸರದಿಯೇ ಬರುವುದಿಲ್ಲ, ಏನೂ ಬೀಳುವುದಿಲ್ಲ. ಅಷ್ಟನ್ನು ನಾನೂ ಅವರಿಂದಲೇ ಕಲಿತಿದ್ದೆ.

ಮರಿ ಕೂಗುತ್ತಲೇ ಇತ್ತು. "ಬಂದೆ ಕಣಪ್ಪಾ" ಎನ್ನುತ್ತ ನಾನೇ ಎದ್ದೆ.