ಬೀರಪ್ಪನ ಗುಡಿ ಮುಂದೆ ರೇಸ್ ಸೈಕಲ್

ಅಂಗಡಿಗೆ ಹೊಸ ಸಾಮಾನು ಬಂದಾಗಲೆಲ್ಲ ಆ ಪರಮಾತ್ಮ ಅದರ ಪೆಟ್ಟಿಗೆಯೊಳಗೆ ಒಂದು ನಗುವನ್ನೂ ಇಟ್ಟೇ ಕಳಿಸುತ್ತಾನೆ ಎಂದು ನನ್ನ ಬಹಳ ದಿನದ ನಂಬಿಕೆ. ಇಲ್ಲದಿದ್ದರೆ ಬನಹಟ್ಟಿಯಂಥ ಊರಿನ ಒಂದು ಸೈಕಲ್ ಅಂಗಡಿಯಲ್ಲಿ ಇಷ್ಟೊಂದು ನಗಲು ಏನಿರುತ್ತದೆ ಹೇಳಿ. ಮುಂಜಾನೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲು ತೆಗೆದರೆ ಎದುರಿಗೆ ನೇಕಾರರ ಕರಿ ಸೈಕಲ್ಲುಗಳು. ಹಿಂದೆ ಸೀರೆಯ ಗಂಟು, ಮುಂದೆ ಊಟದ ಡಬ್ಬಿ. ಪಂಚರು, ಟ್ಯೂಬು, ಬ್ರೇಕಿನ ರಬ್ಬರು. ಅಷ್ಟೇ ನನ್ನ ಲೋಕವಾಗಿತ್ತು.

ಆಮೇಲೆ ಆ ಹುಡುಗಿ ಬಂದಳು. ಜಮಖಂಡಿ ರಸ್ತೆಯ ಒಂದು ಹಳ್ಳಿಯ ಕುರಿಗಾರರ ಮನೆಯವಳು, ಹೈಸ್ಕೂಲು ಓದುತ್ತಿದ್ದಳು. ಸರಕಾರ ಕೊಟ್ಟ ಸೈಕಲ್ಲಿನ ಮೇಲೆ ಶಾಲೆಗೆ ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಿ ಬರುತ್ತಿದ್ದುದನ್ನು ಸೈಕಲ್ ಕೋಚ್ ಒಬ್ಬರು ನೋಡಿದರು. ನೋಡಿದವರೇ ಹಟ ಹಿಡಿದರು. ಇವಳನ್ನು ಜಿಲ್ಲಾ ತಂಡದ ಆಯ್ಕೆಗೆ ಒಯ್ಯಬೇಕು. ಆಯ್ಕೆಯಾದರೆ ಪರ ಊರಿನ ಹಾಸ್ಟೆಲಿನಲ್ಲಿದ್ದು ಓದು, ತಾಲೀಮು ಎರಡೂ ಆಗುತ್ತವೆ. ಹುಡುಗಿಗಂತೂ ಅದರ ಮೇಲೆಯೇ ಜೀವ.

ಆದರೆ ಮನೆಯಲ್ಲಿ ಕಡೆಯ ಮಾತು ಅವಳ ಅಜ್ಜನದು, ನಮ್ಮ ಕಡೆ ಅನ್ನುವಂತೆ ಮುತ್ಯಾನದು. ಅವರು ಬೀರಪ್ಪನ ಗುಡಿಯ ಪೂಜಾರಿ. ಮುತ್ಯಾನ ಅಪ್ಪಣೆ ಇಲ್ಲದೆ ಆ ಮನೆಯಲ್ಲಿ ಕುರಿ ಕೂಡ ಮರಿ ಹಾಕುವುದಿಲ್ಲ ಎಂದು ಊರವರು ನಗುತ್ತಿದ್ದರು. ಹುಡುಗಿಯನ್ನು ಕಳಿಸುವ ಮಾತಿಗೆ ಮುತ್ಯಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಮೊದಲ ಸಾಮಾನ ಬರ್ಲಿ, ನೋಡೂಣು" ಅಂದರು.

ಸಾಮಾನು ಬರತೊಡಗಿತು.

ತೋಟ ಹೊತ್ತ ಸೈಕಲ್

ಮೊದಲು ಬಂದದ್ದು ಸೈಕಲ್ಲೇ. ಕೋಚ್ ಎಲ್ಲಿಂದಲೋ ಹೇಳಿ ತರಿಸಿದ್ದು, ಜೋಡಿಸಿ ಕೊಡುವ ಕೆಲಸ ನನ್ನದು. ಪೆಟ್ಟಿಗೆ ಬಿಚ್ಚಿದರೆ ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ಗಂಟೆಯೂ ಇಲ್ಲ. ಪಂಚರು ಹಾಕಿಸಲು ಬಂದಿದ್ದ ನೇಕಾರರೊಬ್ಬರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದರು.

"ಕಾಕಾರ, ನಿಮಗ ಮೋಸ ಆಗೇತಿ. ದಾರ್‍ಯಾಗ ಯಾರೋ ಎಲ್ಲಾ ಬಿಚಗೊಂಡಾರ."

"ಇಲ್ಲಪಾ, ಇದು ಇರೂದ ಹಿಂಗ. ಹಗುರ ಇರಬೇಕಂತ."

"ಮತ್ತ ಸೀರಿ ಗಂಟ ಎಲ್ಲಿ ಕಟ್ಟೂದು?"

ಸೀರೆಯ ಗಂಟು ಕಟ್ಟಲು ಜಾಗವಿಲ್ಲದ್ದು ನಿಜ. ಆದರೆ ಎಂಥ ಸೈಕಲ್ಲೇ ಆಗಲಿ, ನನ್ನ ಅಂಗಡಿಯಿಂದ ಪೂಜೆಯಿಲ್ಲದೆ ಹೊರಬಿದ್ದದ್ದಿಲ್ಲ. ಅದೂ ಒಂದು ಹೆಣ್ಣುಮಗಳ ಭವಿಷ್ಯ ಹೊತ್ತು ಹೋಗುವ ಗಾಡಿ. ನಮ್ಮ ಮನೆಯವರು ವಿಭೂತಿ, ಕುಂಕುಮ ಹಚ್ಚಿದರು. ಹ್ಯಾಂಡಲಿಗೆ ಚೆಂಡುಹೂವಿನ ದೊಡ್ಡ ಹಾರ, ಸೀಟಿಗೊಂದು ಹಾರ, ಎರಡೂ ಕಡೆ ಮಾವಿನ ತೋರಣ, ದೃಷ್ಟಿಯಾಗದಿರಲಿ ಎಂದು ಲಿಂಬೆಹಣ್ಣು, ಮೆಣಸಿನಕಾಯಿ. ಭಕ್ತಿ ಬಂದಾಗ ಕೈ ನಿಲ್ಲುವುದಿಲ್ಲ ನೋಡಿ, ಒಡೆದ ತೆಂಗಿನಕಾಯಿಯ ಒಂದು ಹೋಳನ್ನೂ ಚೀಲದಲ್ಲಿ ಹಾಕಿ ತೂಗುಬಿಟ್ಟೆವು.

ಕೋಚ್ ಬಂದು ಒಂದು ಕೈಯಲ್ಲಿ ಸೈಕಲ್ ಎತ್ತಲು ಹೋದರು. ಏಳಲಿಲ್ಲ. ಎರಡು ಕೈ ಹಾಕಿದರು. ನನ್ನ ಮುಖ ನೋಡಿ ಅಂದರು:

"ಕಾಕಾ, ಹಗುರ ಆಗ್ಲಿ ಅಂತ ಅವರು ಸ್ಟ್ಯಾಂಡ್ ಸುದ್ದಾ ತಗದ ಕಳಿಸ್ಯಾರ. ನೀವು ಒಂದ ತೋಟಾನ ಹೇರೀರಲ್ರೀ!"

ಗುರುತು ತಪ್ಪಿದ ಮುತ್ಯಾ

ಎರಡನೆಯದು ಹೆಲ್ಮೆಟ್. ಮೋಟಾರ್ ಸೈಕಲ್ಲಿನದಲ್ಲ, ಮೇಲೆಲ್ಲ ಉದ್ದುದ್ದ ತೂತಿರುವ ರೇಸಿನ ಹೆಲ್ಮೆಟ್. ಅದನ್ನು ನಾನೇ ಹಳ್ಳಿಗೆ ಒಯ್ದೆ. ಕುರಿಗಳು ಆಗತಾನೆ ಹಟ್ಟಿಗೆ ಬಂದಿದ್ದವು. ಮುತ್ಯಾ ಹೆಲ್ಮೆಟ್ಟನ್ನು ಬೆಳಕಿಗೆ ಹಿಡಿದು, ತೂತಿನೊಳಗಿಂದ ನನ್ನನ್ನು ನೋಡಿದರು.

"ಇದು ತಲಿ ಕಾಯೂದೋ, ಹಿಟ್ಟ ಸೋಸೂ ಸಾಣಗಿಯೋ?"

"ಗಾಳಿ ಆಡ್ಲಿ ಅಂತ ರೀ ಮುತ್ಯಾ. ಬಿದ್ದರ ತಲೀಗೆ ಪೆಟ್ಟ ಆಗೂದಿಲ್ಲ."

"ನನ್ನ ರುಮಾಲ ಎಷ್ಟ ಸಲ ಬಿದ್ದರೂ ಕಾದೈತಿ. ಇದ ಏನ ಮಾಡ್ತೈತಿ ನೋಡೇ ಬಿಡೂಣು."

ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ತೆಗೆಯದ ರುಮಾಲನ್ನು ಬಿಚ್ಚಿ ಮೊಮ್ಮಗಳ ಕೈಗೆ ಕೊಟ್ಟರು. ಹೆಲ್ಮೆಟ್ ಹಾಕಿಕೊಂಡು, ಗದ್ದದ ಕೆಳಗೆ ಪಟ್ಟಿ ಬಿಗಿಸಿಕೊಂಡು ಹಟ್ಟಿಯೊಳಗೆ ನಡೆದರು. ಕುರಿಗಳು ಒಮ್ಮೆ ತಲೆಯೆತ್ತಿ ನೋಡಿ, ಇಡೀ ಹಿಂಡು ಆ ಮೂಲೆಗೆ ಓಡಿತು. ಇವರು ಆ ಮೂಲೆಗೆ ಹೋದರೆ ಅದು ಈ ಮೂಲೆಗೆ. ಅಷ್ಟರಲ್ಲಿ ಮುಧೋಳದ ಜಾತಿ ನಾಯಿ, ಮುತ್ಯಾನೇ ರೊಟ್ಟಿ ಹಾಕಿ ಸಾಕಿದ್ದು, ಹಲ್ಲು ಕಿರಿದು ಅವರ ಧೋತರಕ್ಕೇ ಬಾಯಿ ಹಾಕಿತು.

"ಲೇ, ನಾನಲೇ! ನಾನು!" ಎಂದು ಮುತ್ಯಾ ಕೂಗುತ್ತಿದ್ದರೆ ನಾಯಿ ನಂಬಲೇ ಇಲ್ಲ. ಹುಡುಗಿ ಓಡಿಹೋಗಿ ರುಮಾಲನ್ನು ಹೆಲ್ಮೆಟ್ಟಿನ ಮೇಲೆಯೇ ಇಟ್ಟಳು. ನಾಯಿ ತಟ್ಟನೆ ಬಾಲ ಅಲ್ಲಾಡಿಸಿತು.

ನಾನು ಹೆದರಿದ್ದೆ, ಇಲ್ಲಿಗೆ ಎಲ್ಲಾ ಮುಗಿಯಿತು ಅಂತ. ಮುತ್ಯಾ ಕಟ್ಟೆಯ ಮೇಲೆ ಕೂತು, ಉಸಿರು ಸುಧಾರಿಸಿಕೊಂಡು, ಅಪ್ಪಣೆ ಕೊಡಿಸಿದರು:

"ಇದು ಛಲೋ ಸಾಮಾನ ಐತಿ. ಹುಡುಗಿ ಹಾಕ್ಕೊಳ್ಳಲಿ. ಮನೀ ನಾಯಿಗೇ ಗುರ್ತ ಸಿಗದ ಮ್ಯಾಲ ಪರ ಊರ ಮಂದಿ ಇಕೀನ್ನ ಏನ ಗುರ್ತ ಹಿಡೀತಾರ!"

ಆಯಿಯ ಸೂಜಿ

ಮೂರನೆಯ ಸಾಮಾನಿನ ಹೆಸರು ಹೇಳಲು ಆಗ ನನಗೆ ಬಹಳ ನಾಚಿಕೆಯಿತ್ತು. ರೇಸಿನವರು ಹಾಕುವ ಬಿಗಿ ಚಡ್ಡಿ. ಮೊಣಕಾಲಿನವರೆಗೆ ಬರುತ್ತದೆ, ಕೂರುವ ಜಾಗದಲ್ಲಿ ಒಳಗೊಂದು ಸಣ್ಣ ಗಾದಿ ಹೊಲಿದಿರುತ್ತದೆ. ಪೂಜಾರಿಗಳ ಮನೆಗೆ ಅದನ್ನು ನಾನು ಹೇಗೆ ಒಯ್ಯಲಿ? ನಮ್ಮ ಮನೆಯವರನ್ನು ಕಳಿಸಿದೆ. ಮುತ್ಯಾ ಪೊಟ್ಟಣ ಬಿಚ್ಚುತ್ತಲೇ ಆಕಾಶ ನೋಡುತ್ತ ಹೊರಗೆ ಹೋದರಂತೆ. "ಅದು ಹೆಣ್ಮಕ್ಕಳ ಖಾತೆ."

ಖಾತೆ ಹುಡುಗಿಯ ಆಯಿಯದು, ಅಂದರೆ ಅಜ್ಜಿಯದು. ಆಯಿ ಬಟ್ಟೆ ಹಿಡಿದು ಎಳೆದರು. ಹಿಗ್ಗಿತು. ಬಿಟ್ಟರು. ಕುಗ್ಗಿತು. ಮೇಲೆ ಉದ್ದನೆಯ ಅಂಗಿ ಹಾಕಿದರೆ ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು. ಆದರೆ ಒಳಗಿನ ಗಾದಿ ಮುಟ್ಟಿ ನೋಡಿದವರಿಗೆ ಮೊಮ್ಮಗಳ ಮೇಲೆ ಕರುಳು ಚುರುಕ್ಕೆಂದಿತು.

"ಅಯ್ಯ ನನ್ನವ್ವಾ, ಇಷ್ಟ ತೆಳ್ಳಗ? ಮುಧೋಳ ಮುಟ್ಟೂದ್ರಾಗ ಕೂಸಿನ ಎಲುಬ ಸವೀತಾವ!"

ಆ ರಾತ್ರಿಯೇ ಆಯಿ ಸೂಜಿ ತೆಗೆದುಕೊಂಡು, ಯಾರಿಗೂ ಹೇಳದೆ, ಗಾದಿಯ ಮೇಲೆ ಕರಿ ಕಂಬಳಿಯ ಎರಡು ಪದರ ಹೊಲಿದುಬಿಟ್ಟರು. ಮನೆಯ ಕುರಿಯ ಉಣ್ಣೆ, ಕೈಯಿಂದ ನೂತದ್ದು. ಹೊದ್ದುಕೊಂಡರೆ ಮಳೆ ಒಳಗೆ ಬರುವುದಿಲ್ಲ. ಅದರ ಮೇಲೆ ಕುಳಿತು ಸೈಕಲ್ ತುಳಿದರೆ ಏನಾಗುತ್ತದೆ ಎನ್ನುವುದನ್ನು ಮಾತ್ರ ನಮ್ಮ ಹಿರಿಯರು ಯಾರೂ ಹೇಳಿರಲಿಲ್ಲ.

ಮರುದಿನ ಬನಹಟ್ಟಿಯಿಂದ ಮುಧೋಳಕ್ಕೆ ಹೋಗಿ ಬರುವ ತಾಲೀಮು. ಕೋಚ್ ಮೋಟಾರ್ ಸೈಕಲ್ಲಿನ ಮೇಲೆ ಹಿಂದೆ. ಹುಡುಗಿ ಊರು ದಾಟುತ್ತಲೇ ಸೀಟಿನಿಂದ ಎದ್ದವಳು ಮತ್ತೆ ಕೂರಲೇ ಇಲ್ಲ. ನಿಂತೇ ತುಳಿದಳು. ಕೋಚ್ ಕುಣಿದಾಡುತ್ತ ನನ್ನ ಅಂಗಡಿಗೆ ಬಂದರು.

"ಕಾಕಾ, ಇಂಥಾ ದಮ್ಮು ನಾ ಗಂಡ ಹುಡುಗರಾಗೂ ನೋಡಿಲ್ಲ! ಹೋಗೂ ಮುಂದ, ಬರೂ ಮುಂದ, ಒಂದ ಸಲಾನೂ ಕುಂದರಲಿಲ್ಲ! ಏನ್ ತಿನಸ್ತಾರ ಇಕಿಗೆ ಮನ್ಯಾಗ?"

ಹುಡುಗಿ ಗೋಡೆ ಹಿಡಿದು ನಿಂತೇ ಇದ್ದಳು. ನಮ್ಮ ಮನೆಯವರು ಸ್ಟೂಲು ಕೊಟ್ಟರೂ ಒಲ್ಲೆ ಅಂದಳು.

"ತಿನಸೂದೇನಿಲ್ಲ ಸರ್" ಅಂದಳು ಮೆಲ್ಲಗೆ. "ಚುಚ್ಚಸ್ತಾರ್ರೀ."

ಕಾಲು ಹಿಡಿಯುವ ಬೂಟು

ಕಡೆಗೆ ಬಂದದ್ದು ಬೂಟು. ಅಟ್ಟೆಗೆ ಒಂದು ಗಟ್ಟಿ ತುಂಡು ಕೂಡಿಸಿರುತ್ತದೆ, ಪೆಡಲಿನ ಮೇಲೆ ಇಟ್ಟು ಒತ್ತಿದರೆ ಟಕ್ ಎಂದು ಸಿಕ್ಕಿಕೊಳ್ಳುತ್ತದೆ. ಹಿಮ್ಮಡ ಹೊರಕ್ಕೆ ತಿರುವಿದರೆ ಮಾತ್ರ ಬಿಡುತ್ತದೆ. ಪೆಡಲು ಕೂಡಿಸಿ, ಬೂಟು ತೊಡಿಸಿ, ಗೋಡೆಗೆ ಆನಿಸಿ ಕಲಿಸಿದವನು ನಾನೇ. ಅಷ್ಟರಲ್ಲಿ ಆಯ್ಕೆಯ ದಿನ ಹತ್ತಿರ ಬಂದಿತ್ತು. ಮುತ್ಯಾ ಇನ್ನೂ "ನೋಡೂಣು" ಅನ್ನುತ್ತಲೇ ಇದ್ದರು.

ಈಗ ಒಂದು ಮಾತು ಹೇಳಬೇಕು. ಬೀರಪ್ಪನ ಗುಡಿ ರಸ್ತೆಯ ದಂಡೆಯಲ್ಲೇ ಇದೆ. ಹುಡುಗಿ ದಿನಾ ಮುಂಜಾನೆ ಗುಡಿ ಮುಂದೆ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕಿಟ್ಟು, ಎರಡೂ ಕೈ ಮುಗಿದೇ ಮುಂದೆ ಹೋಗುವವಳು. ಹೊಸ ಬೂಟಿನ ಮೊದಲ ದಿನವೂ ನಿಲ್ಲಿಸಿದಳು. ಎರಡೂ ಕೈ ಮುಗಿದಳು. ಕಾಲು ಬಿಡಿಸುವುದು ನೆನಪಾಗಲಿಲ್ಲ. ಮುಗಿದ ಕೈ ಮುಗಿದಂತೆಯೇ ಸೈಕಲ್ ಸಮೇತ ಮಗ್ಗುಲಿಗೆ ಧೊಪ್ ಎಂದು ಬಿದ್ದಳು. ಮರುದಿನವೂ ಹಾಗೆಯೇ. ಅದರ ಮರುದಿನವೂ. ಅಂಗಡಿಗೆ ಬಂದು ಮೊಣಕೈ ತೋರಿಸುವಳು.

"ಕಾಕಾ, ಇವತ್ತೂ ಬಿದ್ನಿರೀ."

"ಬ್ಯಾರೆ ಕಡೆ ಬೀಳೂದಿಲ್ಲ, ಅಲ್ಲೇ ಯಾಕ ಬೀಳ್ತಿ ತಾಯಿ?"

"ಗುಡಿ ಕಂಡ ಕೂಡ್ಲೆ ಹಿಮ್ಮಡ ಮರತ ಹೊಕ್ಕೈತ್ರೀ."

ನಾನೇನು ಅನ್ನಲಿ? ದೇವರ ಮುಂದೆ ಮನಸ್ಸು ದೇವರ ಮೇಲೆಯೇ ಹೋಗಬೇಕಾದದ್ದು. ಅಲ್ಲಿ ನಿಂತು ಹಿಮ್ಮಡದ ಧ್ಯಾನ ಮಾಡು ಎಂದು ಯಾವ ಬಾಯಿಂದ ಹೇಳಲಿ?

ಒಂದು ದಿನ ಮುತ್ಯಾ ತಾವೇ ನನ್ನ ಅಂಗಡಿಗೆ ಬಂದರು. ಕೋಚ್ ಕೂಡ ಅಲ್ಲೇ ಇದ್ದರು. ಮುತ್ಯಾ ಚೀಲ ಬಿಚ್ಚಿ ಬೀರಪ್ಪನ ಭಂಡಾರ, ಅಂದರೆ ಪೂಜೆಯ ಅರಿಶಿನಪುಡಿ, ತೆಗೆದು ನನ್ನ ಹಣೆಗೆ ಹಚ್ಚಿದರು.

"ತಮ್ಮಾ, ನಮ್ಮ ಹುಡುಗಿ ಭಕ್ತಿ ನೋಡಿ ನನಗ ಮಾತ ಬರದಂಗ ಆಗೇತಿ. ದಿನಾ ಮುಂಜಾನೆ ಗುಡಿ ಮುಂದ ಉದ್ದಕ ಮಲಗಿ ನಮಸ್ಕಾರ ಹಾಕಾಕತ್ತಾಳ. ಸೈಕಲ್ ಸುದ್ದಾ ಆಕಿ ಜೋಡಿ ಮಲಗತೈತಿ. ಮಂದಿ ನಿಂತ ನೋಡಿ ಕೈ ಮುಗಿಯಾಕತ್ತಾರ. ಇಂಥಾಕಿನ್ನ ನಾ ತಡದ್ರ ಬೀರಪ್ಪ ಮೆಚ್ಚತಾನೇನು?"

ಕೋಚ್ ಹಿಂದಿನಿಂದ ನನ್ನ ಸೊಂಟ ಚಿವುಟಿದರು. ಕಿವಿಯಲ್ಲಿ ಉಸುರಿದರು: "ಕಾಕಾ, ನಿಮಗ ಕೈ ಮುಗೀತೀನಿ, ಸುಮ್ಮಕಿರ್ರಿ. ಅಪ್ಪಣೆ ಬಾಯಿಗೆ ಬಂದೈತಿ."

ನನಗೂ ಗೊತ್ತಿತ್ತು. ಸುಮ್ಮನಿದ್ದರೆ ಹುಡುಗಿ ಆಯ್ಕೆಗೆ ಹೋಗುತ್ತಾಳೆ. ಬಾಯಿಬಿಟ್ಟರೆ ಅವಳ ದಾರಿಗೆ ನಾನೇ ಮುಳ್ಳಾಗುತ್ತೇನೆ. ಆದರೆ ಹಣೆಯ ಮೇಲೆ ಆಗತಾನೆ ಹಚ್ಚಿದ ಭಂಡಾರವಿತ್ತು. ಶಿವಾ, ನೀನೇ ಕಾಯಬೇಕು ಎಂದು ಕಣ್ಣು ಮುಚ್ಚಿ ಹೇಳಿಬಿಟ್ಟೆ.

"ಮುತ್ಯಾ, ತಪ್ಪ ತಿಳಕೋಬ್ಯಾಡ್ರೀ. ಅದು ನಮಸ್ಕಾರ ಅಲ್ರೀ. ಬೂಟು. ಪೆಡಲಿಗೆ ಸಿಕ್ಕೊಂಡ ಬೀಳಾಕತ್ತಾಳ."

ಕೋಚ್ ಹಳೇ ಟೈರುಗಳ ರಾಶಿಯ ಮೇಲೆ ಕುಸಿದು ಕೂತರು. ಮುತ್ಯಾ ಭಂಡಾರದ ಚೀಲದ ಬಾಯಿ ಕಟ್ಟಿದರು.

"ನನಗೂ ಗೊತ್ತೈತಿ" ಅಂದರು. "ನೀ ಹೇಳ್ತೀಯೋ ಇಲ್ಲೋ ಅಂತ ನೋಡಿದೆ. ನಮ್ಮ ಕೂಸಿನ್ನ ಪರ ಊರಿಗೆ ಒಯ್ಯೂ ಮಂದಿ ಖರೆ ಮಾತಾಡವರೋ ಅಲ್ಲೋ ತಿಳೀಬೇಕಲಾ?"

ಮುತ್ಯಾ ಮುಂದುವರಿಸಿದರು.

"ಮೊದಲನೇ ದಿನ ಬಿದ್ಲು. ಮರುದಿನ ಗುಡಿ ದಾಟಿ ಹಂಗ ಹೋಗ್ತಾಳ ಅಂತ ಮಾಡಿದ್ದೆ. ಮತ್ತ ನಿಂತ್ಲು, ಮತ್ತ ಬಿದ್ಲು. ಬೀಳ್ತೀನಿ ಅಂತ ಗೊತ್ತಿದ್ದೂ ದೇವರ ಮುಂದ ನಿಂದರಾಕಿ ಎಲ್ಲಿಗೆ ಹೋದ್ರೂ ದಾರಿ ತಪ್ಪೂದಿಲ್ಲ. ಏಳಪಾ ಕೋಚು, ಆ ಟೈರ್ ಮ್ಯಾಲಿಂದ. ಕರಕೊಂಡ ಹೋಗು."

ನನಗೆ ಕಣ್ಣಲ್ಲಿ ನೀರು ಬಂತು. ಗುಡಿಯ ದಿಕ್ಕಿಗೆ ತಿರುಗಿ ಕೈ ಮುಗಿದೆ. ಆದರೂ ಒಂದು ಅನುಮಾನ ಉಳಿಯಿತು.

"ಮುತ್ಯಾ, ಮಂದಿಯೆಲ್ಲಾ ನಮಸ್ಕಾರ ಅಂತ ತಿಳಕೊಂಡ್ರೂ, ಅಲ್ಲ ಅಂತ ನಿಮಗೆ ಹೆಂಗ ಗೊತ್ತಾತ್ರೀ?"

ಮುತ್ಯಾ ಚೀಲ ಹೆಗಲಿಗೇರಿಸಿ ಹೊಸ್ತಿಲ ಮೇಲೆ ನಿಂತರು.

"ನಮಸ್ಕಾರ ಹಾಕಾಕಿ ಬೀರಪ್ಪನ ಹೆಸರು ತಗೋತಾಳಪಾ. ಇಕಿ ಬಿದ್ದಲ್ಲೇ ನಿನ್ನ ಹೆಸರು ತಗೊಳ್ಳಾಕತ್ತಿದ್ಲು. ಹೆಸರಿನ ಮುಂದ ಏನೇನ ಹಚ್ಚಿದ್ಲು ಅಂತ ಬೀರಪ್ಪಗ ಗೊತ್ತು, ನನಗ ಗೊತ್ತು. ನಾವಿಬ್ಬರೂ ಯಾರ ಮುಂದೂ ಹೇಳಾಂಗಿಲ್ಲ."